ಅಳಿಯನ ಅಂಗಡಿಯ ಉಪಕರಣಗಳು

ಪದಾರ್ಥವನ್ನು ಕೊಳ್ಳದೆಯೇ ಅದರ ಗುಣದೋಷಗಳನ್ನು ಅರಿಯುವ ಅವಕಾಶವು ಎಲ್ಲರಿಗೂ ಒದಗತಕ್ಕದ್ದಲ್ಲ. ನಮಗೆ ಅದು ಒದಗಿರುವುದು ಚಿರಂಜೀವಿ ಸೋದರಳಿಯನ ದೆಸೆಯಿಂದ. ಬಳ್ಳಾರಿಯ ಬೆಂಗಳೂರು ರಸ್ತೆಯ ಸಂದಿಯೊಂದರಲ್ಲಿ ಅವನು ಮೊಬೈಲು ಫೋನುಗಳನ್ನೂ ಅವುಗಳ ಪರಿವಾರವನ್ನೂ ಮಾರುವನು. 33 ವರ್ಷ ಸಂಸ್ಕೃತವನ್ನೂ ಕನ್ನಡವನ್ನೂ ಪಾಠ ಹೇಳಿ ವಿಶ್ರಾಂತರಾದ ಮೇಲೆ ನಮಗೆ ಸಂಜೆಯ ಹೊತ್ತು ಅಲ್ಲಿ ಕುಳಿತಿರುವ ಅಭ್ಯಾಸವಾಗಿದೆ. ಹೊಸ ಸರಕು ಬಂದಾಗಲೆಲ್ಲ, "ಮಾವಾ, ಇದನ್ನ ಒಂದೆರಡು ದಿನ ಇಟ್ಟು ನೋಡ್ರಿ" ಎಂದು ಅವನು ಕೈಗೆ ಕೊಡುವನು. ಅರವತ್ತರ ಮೇಷ್ಟರು ಬಳಸಬಲ್ಲ ವಸ್ತುವನ್ನು ಊರೆಲ್ಲ ಬಳಸಬಲ್ಲದೆಂಬುದು ಅವನ ವ್ಯಾಪಾರದ ಲೆಕ್ಕ.

ಅಂಗಡಿಯವರು 'ಆಕ್ಸೆಸರೀಸ್' ಎಂದು ಕರೆಯುವುದನ್ನು ನಾವು ಉಪಾಂಗವೆನ್ನುವೆವು. ಅಂಗಕ್ಕಿಂತ ಉಪಾಂಗವೇ ಮೊದಲು ಕೆಡುವುದೆಂಬುದು ನಮ್ಮ ಸೀಮೆಗೆ ಹೊಸ ಸಂಗತಿಯಲ್ಲ. ಊರಿಗೆ ಸಮೀಪದ ಸಂಗನಕಲ್ಲಿನಲ್ಲಿ ನವಶಿಲಾಯುಗದ ಜನರು ಕರಿಯ ಕಲ್ಲಿನಿಂದ ಕೊಡಲಿಗಳನ್ನು ರಾಶಿರಾಶಿಯಾಗಿ ಮಾಡುತ್ತಿದ್ದರು. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದಿನ ಆ ಕಲ್ಲುಗಳನ್ನು ಬಳ್ಳಾರಿಯಲ್ಲಿ ರಾಬರ್ಟ್ ಬ್ರೂಸ್ ಫೂಟನ ಹೆಸರಿನಲ್ಲಿರುವ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ಅಲಗು ಉಳಿಯಿತು, ಮರದ ಕಾವು ಮಣ್ಣುಗೂಡಿತು. ಅಳಿಯನ ಗಿರಾಕಿಗಳಲ್ಲಿಯೂ ಫೋನಿಗಾಗಿ ಬರುವವರು ಕೆಲವರು, ಕಾವಿಗಾಗಿ ಬರುವವರು ಹಲವರು.

ಮೊದಲು ಗಾಜಿನ ಮಾತು. ಫೋನಿನ ಮುಖಕ್ಕೆ ಅಂಟಿಸುವ ಗಾಜಿನ ಪೊಟ್ಟಣದ ಮೇಲೆ "9ಎಚ್" ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುವುದನ್ನು ವಾಚಕರು ನೋಡಿರಬಹುದು. ವಜ್ರದ ಕಾಠಿಣ್ಯವು 10 ಆದುದರಿಂದ ಇದು ಅದಕ್ಕೆ ಒಂದೇ ಮೆಟ್ಟಿಲು ಕೆಳಗಿನದೆಂದು ಗಿರಾಕಿಗಳು ಭಾವಿಸುವರು, ಅಂಗಡಿಯವರು ಅಲ್ಲಗಳೆಯುವುದಿಲ್ಲ. ವಾಸ್ತವದಲ್ಲಿ ಇದು ಪೆನ್ಸಿಲಿನ ಅಳತೆ. ಎಚ್‌ಬಿ, 2ಎಚ್ ಎಂದು ಮಕ್ಕಳು ಕೊಳ್ಳುವ ಪೆನ್ಸಿಲುಗಳ ಜಾತಿಯಲ್ಲಿಯೇ ಬಲು ಗಟ್ಟಿಯಾದ 9ಎಚ್‌ನಿಂದ ಗೀಚಿದರೂ ಈ ಗಾಜಿಗೆ ಗೀರು ಬೀಳದೆಂದಷ್ಟೇ ಅದರ ಅರ್ಥ. ಖನಿಜಗಳನ್ನು ತೂಗುವ ಮೋಸ್ ಮಾಪನದಲ್ಲಿಯಾದರೋ ಗಾಜು 6ರ ಆಸುಪಾಸಿನಲ್ಲಿದ್ದರೆ ಬೆಣಚುಕಲ್ಲು 7. ನಮ್ಮ ಕೋಟೆಯ ಗುಡ್ಡವು ಗ್ರಾನೈಟಿನದು. ಗ್ರಾನೈಟು ಸವೆದ ಮರಳಿನಲ್ಲಿ ಬೆಣಚು ಇದ್ದೇ ಇರುವುದು. ಜೇಬಿನಲ್ಲಿ ಅಂತಹ ಎರಡು ಹರಳಿದ್ದರೆ ಸಾಕು, 9ಎಚ್ ಬಿರುದು ಮಣ್ಣಾಗುವುದು. ಫೋನು ಕೆಳಗೆ ಬಿದ್ದಾಗ ಈ ಗಾಜು ತಾನು ಒಡೆದು ಒಳಗಿನದನ್ನು ಅನೇಕ ವೇಳೆ ಕಾಯುವುದು ನಿಜ. ಆ ಉಪಕಾರಕ್ಕಾಗಿ ಇದನ್ನು ಕೊಳ್ಳಬಹುದು.

"ಐಪಿ 67" ಎಂಬ ಇನ್ನೊಂದು ಸಂಜ್ಞೆಯಲ್ಲಿ ಮೊದಲ ಅಂಕಿಯಾದ 6 ಧೂಳು ಒಳಹೊಗದೆಂಬುದನ್ನೂ, ಎರಡನೆಯದಾದ 7 ಒಂದು ಮೀಟರು ಆಳದ ಸಿಹಿನೀರಿನಲ್ಲಿ ಅರ್ಧ ಗಂಟೆ ಮುಳುಗಿದ್ದರೂ ಕೆಡದೆಂಬುದನ್ನೂ ಹೇಳುವುವು. ಜನರು ನೀರಿನ ಅಂಕಿಯನ್ನೇ ನೋಡುವರು. ಅದಿರಿನ ಕೆಂಪು ಧೂಳನ್ನು ಕಂಡ ನಮ್ಮ ಊರಿನವರು ನೋಡತಕ್ಕದ್ದು ಮೊದಲನೆಯದನ್ನು. ಧೂಳು ಯಂತ್ರದೊಳಗೆ ಹೋಗದಿದ್ದರೂ ಚಾರ್ಜು ಹಾಕುವ ಬಾಯಿಯಲ್ಲಿ ಕೂಡುವುದಷ್ಟೆ. ಬಳ್ಳಾರಿಯಲ್ಲಿಯೇ ಹೊಲಿಯುವ ಜೀನ್ಸ್ ಷರಾಯಿಗಳ ಜೇಬಿನ ನೂಲಿನ ಜೊಂಡು ಅದಕ್ಕೆ ಸೇರಿ ಬಿರಡೆಯಂತಾಗುವುದು. "ಚಾರ್ಜ್ ಆಗ್ತಿಲ್ಲ, ಹೊಸಾದು ಕೊಡ್ರಿ" ಎಂದು ಬಂದವರ ಫೋನಿನ ಬಾಯಿಯಿಂದ ಅಳಿಯನು ಹಲ್ಲುಕಡ್ಡಿಯಿಂದ ಆ ಜೊಂಡನ್ನು ತೆಗೆದು, ಕಾಸು ತೆಗೆದುಕೊಳ್ಳದೆ ಕಳುಹಿಸುವುದನ್ನು ನಾವು ಹಲವು ಸಲ ನೋಡಿದ್ದೇವೆ. ಅವನ ಮೇಲೆ ನಮಗೆ ಗೌರವ ಹುಟ್ಟಿರುವುದು ಈ ಹಲ್ಲುಕಡ್ಡಿಯಿಂದಲೇ.

ಚಾರ್ಜರಿನ ತುದಿಯ ಜಗಳವು ಈಗ ಬಹುಮಟ್ಟಿಗೆ ತೀರಿದೆ. ಯುರೋಪಿನ ಒಕ್ಕೂಟವು 2024ರ ಡಿಸೆಂಬರ್ 28ರಿಂದ ಹೊಸ ಫೋನುಗಳಿಗೆಲ್ಲ ಟೈಪ್-ಸಿ ಎಂಬ ಒಂದೇ ಬಗೆಯ ಬಾಯಿಯನ್ನು ಕಡ್ಡಾಯಗೊಳಿಸಿದುದು ಇದಕ್ಕೆ ಬಲ ಕೊಟ್ಟಿತು. ಆದರೆ ಕೇಬಲುಗಳಲ್ಲಿ ರೂಪವೊಂದಾದ ಮಾತ್ರಕ್ಕೆ ಗುಣವೊಂದಾಗಿಲ್ಲ. ಬೇಗನೆ ಚಾರ್ಜು ಮಾಡುವುದೂ, ಇರುಳೆಲ್ಲ ಎಳೆಯುವುದೂ ನೋಡುವುದಕ್ಕೆ ಅವಳಿಜವಳಿ.

ಪವರ್ ಬ್ಯಾಂಕಿನ ವಿಷಯದಲ್ಲಿ ಮಾತ್ರ ಗಿರಾಕಿಗೂ ಅಳಿಯನಿಗೂ ದಿನವೂ ವಾದ. ಪೆಟ್ಟಿಗೆಯ ಮೇಲೆ 10,000 ಎಂದಿರುವುದು, ಫೋನಿನ ಬ್ಯಾಟರಿ 5,000. ಹಾಗಾದರೆ ಎರಡು ಸಲ ತುಂಬಬೇಕಲ್ಲ, ಒಂದೂವರೆ ಸಲಕ್ಕೇ ಏಕೆ ಬರಿದಾಯಿತು? ಇದರಲ್ಲಿ ಸಾಮಾನ್ಯವಾಗಿ ಮೋಸವಿಲ್ಲ. 10,000 ಎಂಬುದು ಒಳಗಿನ ಕೋಶದ 3.7 ವೋಲ್ಟಿನ ಲೆಕ್ಕ. ಹೊರಗೆ ಕೊಡುವುದು 5 ವೋಲ್ಟಿನಲ್ಲಿ. ಅಷ್ಟೇ ಶಕ್ತಿಯನ್ನು 5 ವೋಲ್ಟಿಗೆ ಏರಿಸಿದರೆ ಅಂಕಿಯು 7,400ಕ್ಕೆ ಇಳಿಯುವುದು. ಏರಿಸುವ ಕೆಲಸದಲ್ಲಿ ಬಿಸಿಯಾಗಿ ಹೋಗುವುದನ್ನು ಕಳೆದರೆ ಸುಮಾರು 6,500 ಉಳಿಯುವುದು. ಫೋನು ತಾನು ತೆಗೆದುಕೊಳ್ಳುವಾಗಲೂ ಸ್ವಲ್ಪ ಚೆಲ್ಲುವುದು. ಈ ವಿವರಣೆಯಿಂದ ಯಾರಿಗೂ ಸಮಾಧಾನವಾಗುತ್ತಿರಲಿಲ್ಲ. ಒಂದು ದಿನ ಸಿರುಗುಪ್ಪದ ಕಡೆಯ ರೈತನೊಬ್ಬನು ಇದೇ ವಾದಕ್ಕೆ ನಿಂತಾಗ, "ನೂರು ಕಿಲೋ ಭತ್ತ ಮಿಲ್ಲಿಗೆ ಹಾಕಿದರೆ ಅಕ್ಕಿ ಎಷ್ಟು ಬರುವುದಪ್ಪಾ?" ಎಂದು ನಾವು ಕೇಳಿದೆವು. "ಅರವತ್ತೈದು, ಅರವತ್ತೇಳು" ಎಂದನು. "ಪೆಟ್ಟಿಗೆಯ ಮೇಲೆ ಬರೆದಿರುವುದು ಭತ್ತ, ನಿನ್ನ ಫೋನಿಗೆ ಸಿಕ್ಕುವುದು ಅಕ್ಕಿ" ಎಂದೆವು. ಅವನು ನಕ್ಕು ದುಡ್ಡು ಕೊಟ್ಟನು. ಅಂದಿನಿಂದ ಅಳಿಯನು ಇದೇ ದೃಷ್ಟಾಂತವನ್ನು ನಮ್ಮ ಹೆಸರು ಹೇಳದೆ ಬಳಸುತ್ತಿರುವನು.

ಸಿರುಗುಪ್ಪದಲ್ಲಿ ನಮ್ಮ ಹಳೆಯ ಸಹೋದ್ಯೋಗಿಗಳೊಬ್ಬರಿದ್ದಾರೆ. ನಿವೃತ್ತರಾದ ಮೇಲೆ ತುಂಗಭದ್ರೆಯ ಬದಿಯ ಪಿತ್ರಾರ್ಜಿತ ಗದ್ದೆಯನ್ನು ತಾವೇ ಮಾಡಿಸುತ್ತಿರುವರು. ಅವರ ಪಂಪುಸೆಟ್ಟಿಗೆ ಜೋಡಿಸಿದ 'ಮೊಬೈಲ್ ಸ್ಟಾರ್ಟರ್' ಎಂಬುದನ್ನು ಅಲ್ಲಿ ಎರಡು ದಿನವಿದ್ದು ನೋಡಿ ಬಂದೆವು. ಮೋಟಾರಿನ ಪೆಟ್ಟಿಗೆಯ ಪಕ್ಕದಲ್ಲಿ ಸಿಮ್ ಹಾಕಿದ ಚಿಕ್ಕದೊಂದು ಡಬ್ಬಿ. ಅದಕ್ಕೂ ಒಂದು ಫೋನ್ ನಂಬರು. ತ್ರೀ ಫೇಸ್ ಕರೆಂಟು ಬಂದೊಡನೆ ಡಬ್ಬಿಯೇ ಯಜಮಾನರಿಗೆ ಕರೆ ಮಾಡುವುದು. ಅವರು ಮಲಗಿದಲ್ಲಿಂದಲೇ ಗುಂಡಿಯೊತ್ತಿದರೆ ಮೋಟಾರು ತಿರುಗುವುದು, ಇನ್ನೊಂದನ್ನೊತ್ತಿದರೆ ನಿಲ್ಲುವುದು. ನೀರಿಲ್ಲದೆ ಮೋಟಾರು ಬರಿದೇ ತಿರುಗಿದರೆ ಅದು ಎಳೆಯುವ ಕರೆಂಟು ಕಡಿಮೆಯಾಗುವುದಷ್ಟೆ. ಅದನ್ನು ಕಂಡು ಡಬ್ಬಿಯು ತಾನೇ ನಿಲ್ಲಿಸಿ ವರದಿಯೊಪ್ಪಿಸುವುದು. ರಾತ್ರಿ ಎರಡು ಗಂಟೆಗೆ ಕರೆಂಟು ಬಂದರೆ ಬ್ಯಾಟರಿ ಹಿಡಿದು ಹಾವುಚೇಳುಗಳ ನಡುವೆ ಬದುವಿನ ಮೇಲೆ ನಡೆಯುವ ಕಷ್ಟವು ಇದರಿಂದ ತಪ್ಪಿದೆ. ನಾವು ಕೈಯಿಟ್ಟು ನೋಡಿದ ಉಪಕರಣಗಳಲ್ಲಿ ಹೀಗೆ ಹೇಳಿದಷ್ಟನ್ನೇ ಮಾಡಿ ಸುಮ್ಮನಿರುವುದು ಇದೊಂದೇ. ಇದಕ್ಕೂ ಉಪಾಂಗದ ಕಾಟವುಂಟು. ಕಬ್ಬಿಣದ ಪೆಟ್ಟಿಗೆಯೊಳಗೆ ಸಿಗ್ನಲು ಸರಿಯಾಗಿ ಹೋಗದೆಂದು ಆಂಟೆನಾವನ್ನು ಹೊರಗೆ ಎಳೆದಿರುವರು, ಅದರ ತಂತಿಯನ್ನು ಇಲಿ ಕಡಿಯುವುದು. ಸಿಮ್ಮಿನ ರೀಚಾರ್ಜು ಮರೆತರೆ ಡಬ್ಬಿ ಮೂಕವಾಗುವುದು. "ನನ್ನ ಜೊತೆಗಿಂತ ಮೋಟಾರಿನ ಜೊತೆಗೇ ಇವರ ಮಾತು ಜಾಸ್ತಿ ನೋಡ್ರಿ" ಎಂದು ಅವರ ಮನೆಯವರು ದೂರಿದರು.

ಇನ್ನು ಕುರುಗೋಡಿನ ವಿಷಯ. ನಮ್ಮ ಅಕ್ಕನವರು, ಎಂದರೆ ಈ ಅಳಿಯನ ತಾಯಿಯವರು, ಹಿರಿಯ ಮಗನೊಡನೆ ಅಲ್ಲಿರುವರು. ವಯಸ್ಸು 74. ಮಧುಮೇಹವುಂಟು. ಕಿರಿಯ ಮಗನು ತನ್ನ ಅಂಗಡಿಯಲ್ಲಿದ್ದ ಒಳ್ಳೆಯ ಫೋನನ್ನೇ ತಾಯಿಗೆ ತಂದುಕೊಟ್ಟಿದ್ದನು. ಅವರು ಅದನ್ನು ಬಟ್ಟೆಯ ಚೀಲದಲ್ಲಿಟ್ಟು, ಅವನ ಕರೆ ಬಂದರೆ ಸೊಸೆಯ ಕೈಗೆ ಕೊಟ್ಟುಬಿಡುತ್ತಿದ್ದರು. ಎರಡು ವರ್ಷ ಹೀಗೆ ನಡೆಯಿತು. ಊರು ಬಿಟ್ಟು ಅಂಗಡಿಯಿಟ್ಟುದಕ್ಕೆ ಅವ್ವನಿಗೆ ಮುನಿಸೆಂದು ಮಗನು ತಿಳಿದಿದ್ದನು. ಮಗನಿಗೆ ತನ್ನೊಡನೆ ಬಿಡಿಸಿ ಮಾತನಾಡಲು ಪುರುಸೊತ್ತಿಲ್ಲವೆಂದು ತಾಯಿ ತಿಳಿದಿದ್ದರು. ಬಾಯಿಬಿಟ್ಟು ಇಬ್ಬರೂ ಹೇಳಲಿಲ್ಲ.

ಒಂದು ಸಂಜೆ ನಾವೇ ಫೋನು ಮಾಡಿ, "ಅಕ್ಕಾ, ಸಕ್ಕರೆ ಎಷ್ಟೈತಿ?" ಎಂದು ಕೇಳಿದೆವು. "ಅಕ್ಕರೆಗೇನು ಕಡಿಮೆಯೋ ತಮ್ಮಾ, ಮೊದಲು ಎಷ್ಟಿತ್ತೋ ಈಗಲೂ ಅಷ್ಟೇ ಐತಿ" ಎಂದರು. ನಮ್ಮ ಮನೆಯಲ್ಲಿ ಎಲ್ಲರೂ ನಕ್ಕರು. ನಮಗೆ ಆ ರಾತ್ರಿ ನಿದ್ರೆ ಸರಿಯಾಗಿ ಬರಲಿಲ್ಲ. ಅವರ ಕಿವಿಗೆ ಬೀಳದಿದ್ದುದು ಒಂದೇ ಅಕ್ಷರ, ಸಕಾರ.

ವ್ಯಂಜನಗಳಿಗೆ ಪಾಣಿನಿಯು ಇಟ್ಟಿರುವ ಸಂಜ್ಞೆ ಹಲ್. ಮುಪ್ಪಿನಲ್ಲಿ ಬಾಯಿಯ ಹಲ್ಲು ಬೀಳುವಂತೆ ಕಿವಿಯ ಹಲ್ಲೂ ಬೀಳುವುದು. ಅದರಲ್ಲಿಯೂ ಮೊದಲು ಹೋಗುವುವು ಶ, ಷ, ಸಗಳು. ಎಂದರೆ ಶರ್ ಎಂಬ ಪ್ರತ್ಯಾಹಾರದ ಮೂರು ಅಕ್ಷರಗಳು. ಸ್ವರಗಳ ನಾದವು ತಗ್ಗಿನದು; ಇವುಗಳದು ಎತ್ತರದ್ದು, ಸಕಾರದ್ದಂತೂ ಬಹುಮಟ್ಟಿಗೆ ಸೆಕೆಂಡಿಗೆ 4,000 ಕಂಪನಕ್ಕೂ ಮೇಲೆ. ಮುಪ್ಪಿನ ಕಿವಿಯು ಎತ್ತರದ ನಾದವನ್ನೇ ಮೊದಲು ಬಿಡುವುದು. ಆದುದರಿಂದಲೇ ಅಕ್ಕನವರಿಗೆ ದೊಡ್ಡಬಸವೇಶ್ವರನ ಜಾತ್ರೆಯ ಡೊಳ್ಳು ಚೆನ್ನಾಗಿ ಕೇಳುವುದು, ಮಗನ ಮಾತು ಕೇಳದು. ಸ್ವರವೆಲ್ಲ ಕೇಳುವುದರಿಂದ ತಾವು ಕಿವುಡರೆಂದು ಅವರಿಗೂ ಅನ್ನಿಸದು. ಎದುರಿನವರು ನುಂಗಿ ನುಂಗಿ ಮಾತನಾಡುವರೆಂದೇ ತೋರುವುದು.

ಫೋನು ಇದಕ್ಕೆ ತನ್ನ ಪಾಲನ್ನು ಸೇರಿಸುವುದು. ಹಳೆಯ ಕ್ರಮದ ಕರೆಯಲ್ಲಿ 300ರಿಂದ 3,400ರವರೆಗಿನ ಕಂಪನಗಳು ಮಾತ್ರ ದಾಟುವುವು; ಸಕಾರದ ಪ್ರಾಣವು ಬೇಲಿಯ ಹೊರಗೇ ಉಳಿಯುವುದು. 4ಜಿ ಜಾಲದ ಮೂಲಕವೇ ಸಾಗುವ ಎಚ್.ಡಿ. ಬಗೆಯ ಕರೆಯಲ್ಲಿ ಈ ಬೇಲಿ 7,000ದವರೆಗೆ ಸರಿಯುವುದು, ಆದರೆ ಎರಡೂ ಕಡೆಯ ಫೋನು ಅದಕ್ಕೆ ತಕ್ಕುದಾಗಿರಬೇಕು. ಅಕ್ಕನವರ ದೊಡ್ಡ ಫೋನಿನಲ್ಲಿ ಆ ಸೌಲಭ್ಯವನ್ನು ಯಾರೋ ಆರಿಸಿಟ್ಟಿದ್ದರು. ಗಾಜನ್ನು ಒರಸುವುದೂ ಅವರಿಗೆ ಒಗ್ಗಿರಲಿಲ್ಲ. ಅದನ್ನು ಹಿಂದಕ್ಕೆ ತಂದು, ದೊಡ್ಡ ಗುಂಡಿಗಳುಳ್ಳ 4ಜಿ ಕೀಪ್ಯಾಡ್ ಫೋನೊಂದನ್ನು ಕೊಟ್ಟೆವು. ಸ್ವಲ್ಪ ವಾಸಿಯಾಯಿತು.

ಅಳಿಯನು ತರುವಾಯ ಕೆಲವು ನೂರು ರೂಪಾಯಿಗಳ "ಕಿವಿಯ ಯಂತ್ರ"ವೊಂದನ್ನು ಅಂಗಡಿಯಿಂದ ಕೊಟ್ಟು ಕಳುಹಿಸಿದನು. ಮಾಡಿದವರ ಹೆಸರು ಇಲ್ಲಿ ಬೇಡ. ಅದು ಎಲ್ಲ ನಾದವನ್ನೂ ಒಂದೇ ಸಮನೆ ಹಿಗ್ಗಿಸುವುದು: ಕೇಳುತ್ತಿದ್ದ ಸ್ವರಗಳು ಅಬ್ಬರಿಸಿದವು, ಕೇಳದಿದ್ದ ವ್ಯಂಜನಗಳು ಆ ಅಬ್ಬರದಲ್ಲಿ ಮುಳುಗಿದವು, ನಡುನಡುವೆ ಸಿಳ್ಳು ಬೇರೆ. ಅಕ್ಕನವರು ಅದನ್ನು ಕಿತ್ತು ಅಕ್ಕಿಯ ಡಬ್ಬಿಯ ಮೇಲಿಟ್ಟು, "ಇದು ಅಂಗಡಿಯೊಳಗೇ ಇರಲಿ" ಎಂದರು. ನಮ್ಮ ಅಭಿಪ್ರಾಯವೂ ಅದೇ. ಕಿವಿಯನ್ನು ಅಳೆಯದೆ ಕೊಡುವ ಇಂತಹ ಸಾಧನವನ್ನು ಮಾರಬಾರದೆಂದು ಅಳಿಯನಿಗೆ ಕಡಾಖಂಡಿತವಾಗಿ ಹೇಳಿದೆವು.

ಬಳ್ಳಾರಿಯಲ್ಲಿ ಕಿವಿಯ ಪರೀಕ್ಷೆ ಮಾಡಿಸಿದೆವು. (ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಈ ವಿದ್ಯೆಗೇ ಮೀಸಲಾದುದು; ಹತ್ತಿರವಿರುವವರು ಅದರ ಉಪಯೋಗ ಪಡೆಯಬಹುದು.) ಯಾವ ಎತ್ತರದ ನಾದವು ಎಷ್ಟು ಕೇಳುವುದೆಂಬುದನ್ನು ಕಾಗದದ ಮೇಲೆ ಗೆರೆಯೆಳೆದು ಕೊಟ್ಟರು. ಎಡದಿಂದ ಸಮವಾಗಿ ಬಂದ ಗೆರೆಯು ಬಲಕ್ಕೆ ಗುಡ್ಡದಿಂದ ಇಳಿದಂತೆ ಇಳಿದಿತ್ತು. ಕಿವಿಯ ಹಿಂದೆ ಕೂಡುವ ಶ್ರವಣಸಾಧನವನ್ನು ಆ ಗೆರೆಗೆ ತಕ್ಕಂತೆ ತಿದ್ದಿದರು. ಇಳಿದಲ್ಲಿ ಮಾತ್ರ ಅದು ಎತ್ತುವುದು, ಸಮವಿದ್ದಲ್ಲಿ ಬಿಡುವುದು. ಕಿವಿಯ ಅಚ್ಚು ತೆಗೆದು ಮಾಡಿದ ಮೆತ್ತನೆಯ ಬಿರಡೆ ಅದರ ಉಪಾಂಗ. ಇನ್ನೊಂದು ಉಪಾಂಗವು ಕಿತ್ತಳೆ ಬಣ್ಣದ ಚೀಟಿ ಅಂಟಿಸಿದ, ಗುಂಡಿಯಷ್ಟು ಸಣ್ಣ ಸೆಲ್ಲು. ಚೀಟಿ ಕಿತ್ತರೆ ಗಾಳಿ ಒಳಹೊಕ್ಕು ಅದು ಕೆಲಸಕ್ಕೆ ತೊಡಗುವುದು. ಆಮೇಲೆ ಬಳಸಿದರೂ ಬಿಟ್ಟರೂ ಸವೆಯುವುದು. ಒಂದೆರಡು ವಾರಕ್ಕೊಂದು ಬೇಕು. ಮೊದಲ ಹದಿನೈದು ದಿನ ಪಾತ್ರೆಯ ಸದ್ದಿಗೆ ಅಕ್ಕನವರು ಬೆಚ್ಚುತ್ತಿದ್ದರು. ಸೊಸೆಯು ಇಷ್ಟು ಗಡುಸಾಗಿ ಪಾತ್ರೆಯಿಡುವಳೆಂಬುದು ಅವರಿಗೆ ಆಗಲೇ ತಿಳಿದದ್ದು. ಫೋನನ್ನು ಕಿವಿಯ ತೂತಿಗೆ ಒತ್ತದೆ, ಸಾಧನದ ಮೈಕಿರುವ ಕಿವಿಯ ಮೇಲ್ಬದಿಗೆ ಹಿಡಿಯಬೇಕೆಂಬುದನ್ನು ಯಾರೂ ಹೇಳದೆ ತಾವೇ ಕಂಡುಕೊಂಡರು.

ಸಕ್ಕರೆ ನೋಡುವ ಯಂತ್ರದ ಮಾತೊಂದು ಉಳಿಯಿತು. ಅದರ ಪಟ್ಟಿಗಳನ್ನು ಸಾಮಾನ್ಯವಾಗಿ 30 ಡಿಗ್ರಿಯೊಳಗೆ ಇಡಬೇಕೆಂದು ಡಬ್ಬಿಯ ಮೇಲೆ ಬರೆದಿರುವರು; ನಮ್ಮ ಬೇಸಗೆಯಲ್ಲಿ 40 ಡಿಗ್ರಿ ದಾಟುವುದು ಅಪೂರ್ವವಲ್ಲ. ಒಳಕೋಣೆಯ ತಣ್ಣನೆಯ ಗೂಡಿನಲ್ಲಿ, ಮುಚ್ಚಳ ಬಿಗಿಯಾಗಿರುವಂತೆ ಇಡುವುದೇ ಲೇಸು. ನೀರಿನ ಕೊಡದ ಪಕ್ಕ ಬೇಡ, ತೇವವೂ ಪಟ್ಟಿಗೆ ಶತ್ರುವೇ. ಬೆಲ್ಲ ಮುಟ್ಟಿದ ಬೆರಳನ್ನು ತೊಳೆಯದೆ ಚುಚ್ಚಿದರೆ ಬೆಲ್ಲದ ಲೆಕ್ಕವೂ ಸೇರಿಬರುವುದು. ಯಂತ್ರವು 200 ಎಂದರೆ ನಿಜವು 170ರಿಂದ 230ರೊಳಗೆ ಎಲ್ಲಿಯಾದರೂ ಇರಬಹುದೆಂಬುದನ್ನೂ ನೆನಪಿನಲ್ಲಿಡತಕ್ಕದ್ದು.

ಕಳೆದ ತಿಂಗಳು ನಾವು ಕುರುಗೋಡಿನಲ್ಲಿದ್ದಾಗಲೇ ಅಳಿಯನ ಕರೆ ಬಂದಿತು. ಅಕ್ಕನವರು ಫೋನನ್ನು ಸೊಸೆಗೆ ಕೊಡಲಿಲ್ಲ. ಎರಡು ವರ್ಷದ ರೂಢಿಯಂತೆ ಅವನು ಅರಚುತ್ತಿದ್ದುದು ನಮಗೂ ಕೇಳಿಸಿತು: "ಅವ್ವಾ, ಸಕ್ಕರೆ ಎಷ್ಟೈತಿ?"

"ಇನ್ನೂರಾ ಹನ್ನೆರಡು" ಎಂದರು. "ಪಟ್ಟಿ ಮುಗಿದಾವ, ನಿಮ್ಮ ಮಾವನ ಕೈಯಾಗ ಕಳಿಸು. ಮೆಲ್ಲಗ ಮಾತಾಡೋ, ನಾನೇನು ಕಿವುಡಿಯೇನು?"