ಮಾಮಾನ ಮಷಿನ್ನು, ಎರಡು ಪಿನ್ನು, ಒಂದು ಮಡಿಕೆ

ನಮ್ಮೂರು ಇಟಗಿ ಅಂದ ಕೂಡ್ಲೇ ಎಲ್ಲರೂ "ಓ, ಮಹಾದೇವ ದೇವಸ್ಥಾನದ ಇಟಗಿನಾ?" ಅಂತಾರೆ. ಅಲ್ರೀ! ೧೧೧೨ರಲ್ಲಿ ಕಟ್ಟಿದ ಆ ಗುಡಿ ಇರೋದು ಕೊಪ್ಪಳ ಜಿಲ್ಲೆಯ ಇಟಗಿಯಲ್ಲಿ. ನಮ್ಮದು ಗದಗ ಜಿಲ್ಲೆ, ಗಜೇಂದ್ರಗಡದ ಕಡೆಯ ಇಟಗಿ, ಭೀಮಾಂಬಿಕೆಯ ಇಟಗಿ. ಹೇಳಿ ಹೇಳಿ ಸಾಕಾಗಿದೆ, ಇಲ್ಲಿ ಬರೆದಿಟ್ರೆ ಇನ್ಮೇಲೆ ಲಿಂಕ್ ಕಳಿಸಬಹುದು :)

ಆದ್ರೆ ಇವತ್ತಿನ ವಿಷಯ ಊರಿನದ್ದಲ್ಲ, ಮಾಮಾನ ಮಷಿನ್ನಿನದ್ದು.

ನನ್ನ ಸೋದರಮಾವ ಗದಗಿನಲ್ಲಿ ಸಣ್ಣ ಡಿಜಿಟಲ್ ಪ್ರಿಂಟಿಂಗ್ ಅಂಗಡಿ ನಡೆಸ್ತಾರೆ. ಗದಗಿಗೆ ಮುದ್ರಣ ಕಾಶಿ ಅಂತಾನೇ ಹೆಸರು. ಮಾಮಾ ಹುಡುಗನಿದ್ದಾಗ ಪ್ರೆಸ್ಸಿನಲ್ಲಿ ಕೂತು ಮೊಳೆ ಜೋಡಿಸಿದವರು. ಈಗ ಅವರ ಹತ್ರ ಇರೋದು ಸೆಕೆಂಡ್ ಹ್ಯಾಂಡ್ ಪ್ರೊಡಕ್ಷನ್ ಪ್ರಿಂಟರು, ಅದರ ಪಕ್ಕಕ್ಕೆ ಅಂಟಿಕೊಂಡ ಬುಕ್‌ಲೆಟ್ ಫಿನಿಶರು. ಬ್ಯಾಂಕಿನ ಕಂತು ಇನ್ನೂ ಮುಗಿದಿಲ್ಲ. ಕಂತು ತೀರಿಸೋದು ಮದುವೆ ಕಾರ್ಡಲ್ಲ, ಈ ಸಣ್ಣ ಪುಸ್ತಕಗಳೇ: ಭಜನೆ ಪದಗಳು, ಶಾಲೆಯ ಸಂಚಿಕೆ, ಸಹಕಾರಿ ಸಂಘದ ವಾರ್ಷಿಕ ವರದಿ. ಫಿನಿಶರು ನಿಂತ್ರೆ ಆ ಕೆಲಸ ಎಲ್ಲಾ ಹುಬ್ಬಳ್ಳಿ ದಾರಿ ಹಿಡಿಯುತ್ತೆ.

ಕಳೆದ ಸಲ ನಾನು ಊರಿಗೆ ಹೋದಾಗ ಅದು ನಿಂತಿತ್ತು. ಭಜನಾ ಮಂಡಳಿಯ ೪೮ ಪುಟದ ಪುಸ್ತಕ, ಸಾವಿರ ಪ್ರತಿ, ಕೈಯಲ್ಲಿ ನಾಲ್ಕೇ ದಿನ. ಸರ್ವಿಸ್ ಕಂಪನಿಯವರು ಫೋನಿನಲ್ಲಿ "ಈ ಮಾಡೆಲ್ಲಿನ ಪಾರ್ಟು ಬರೋದು ನಿಂತಿದೆ ಸರ್" ಅಂದುಬಿಟ್ರು.

ಒಳಗೆ ಏನು ನಡೆಯುತ್ತೆ ಅಂತ ನೋಡಿದವರು ಕಡಿಮೆ. ಅಚ್ಚಾದ ಹಾಳೆಗಳು ಒಂದೊಂದಾಗಿ ಬಂದು ತಟ್ಟೆಯಲ್ಲಿ ನಿಲ್ತವೆ. ಪಕ್ಕದ ಎರಡು ಹಲಗೆಗಳು ಮೆಲ್ಲಗೆ ತಟ್ಟಿ ಅಂಚು ಸಮ ಮಾಡ್ತವೆ. ನಡುವೆ ಎರಡು ಪಿನ್ನು ಹೊಡೆದಾದ ಮೇಲೆ ಇಡೀ ಕಟ್ಟು ಒಂದಿಷ್ಟು ಸರಿದು, ಪಿನ್ನಿನ ಗೆರೆ ಒಂದು ತೆಳು ಪಟ್ಟಿಯ ಎದುರಿಗೆ ಬರುತ್ತೆ. ಆ ಪಟ್ಟಿ ಕಟ್ಟನ್ನು ಎರಡು ರಬ್ಬರ್ ರೋಲರುಗಳ ಸಂದಿಗೆ ನೂಕುತ್ತೆ. ಮಡಿಚಿ ಆಚೆ ಬಂತು ಅಂದ್ರೆ ಪುಸ್ತಕ. ಸರಿಯೋದ್ರಲ್ಲಿ ಅರ್ಧ ಮಿಲಿಮೀಟರ್ ಹೆಚ್ಚುಕಡಿಮೆ ಆದ್ರೂ ಪಿನ್ನು ಒಂದು ಕಡೆ, ಮಡಿಕೆ ಇನ್ನೊಂದು ಕಡೆ.

ನಮ್ಮ ಕಸುಬಿನಲ್ಲಿ ಒಂದು ರಿಕ್ವೆಸ್ಟ್ ಫೇಲಾದ್ರೆ ಮತ್ತೆ ಕಳಿಸ್ತೀವಿ, ಯಾರಿಗೂ ಗೊತ್ತಾಗಲ್ಲ. ಇಲ್ಲಿ ಹಾಗಿಲ್ಲ. ಹಾಳೆಗೆ ಶೇಕಡಾ ೯೯.೯ ಸರಿ ಅಂತ ಇಟ್ಕೊಳ್ಳಿ. ೪೮ ಪುಟ ಅಂದ್ರೆ ೧೨ ಹಾಳೆ, ಆ ೧೨ಕ್ಕೆ ೧೨ ಸರಿಯಾಗಬೇಕು. ಸಾವಿರ ಪುಸ್ತಕಕ್ಕೆ ಸುಮಾರು ಹನ್ನೆರಡು ಕೆಟ್ಟ ಹಾಗೆ. ಪ್ರತಿ ಸಲ ಫಿನಿಶರಿನ ಜೊತೆಗೆ ಪ್ರಿಂಟರೂ ನಿಲ್ಲುತ್ತೆ, ಎರಡೂ ಒಂದೇ ಸಾಲಿನಲ್ಲಿ ಇವೆಯಲ್ಲ. ನಡುವೆ ಕರೆಂಟು ಹೋದ್ರಂತೂ ಬಾಗಿಲು ತೆಗೆದು ಅರ್ಧ ಕಟ್ಟನ್ನು ಕೈಯಿಂದ ಎಳೀಬೇಕು.

ನಾನು ಮಾಡಿದ್ದು ನನಗೆ ಬರೋದನ್ನೇ, ಲಾಗ್ ಇಡೋದು. ಹಳೇ ಡೈರಿಯೊಂದರಲ್ಲಿ ಎಷ್ಟನೇ ಪ್ರತಿ, ಎಲ್ಲಿ ಸಿಕ್ಕಿತು, ಯಾವ ರೀಮು ಅಂತ ಬರೆದೆ. ಮಧ್ಯಾಹ್ನದೊಳಗೆ ಚಿತ್ರ ಬಂತು: ಪಿನ್ನಿನ ಹತ್ರ ತೊಂದರೆ ಕಡಿಮೆ, ಬಹುತೇಕ ಎಲ್ಲ ಮಡಿಕೆಯಲ್ಲೇ. ಸೆನ್ಸರಿನ ಕಣ್ಣಿನ ಮೇಲೆ ಕಾಗದದ ಪುಡಿ ಕೂತಿತ್ತು. ರೋಲರಿನ ರಬ್ಬರು ಸವೆದು ಕನ್ನಡಿ ಹಾಗೆ ಮಿಂಚ್ತಿತ್ತು. ನಮ್ಮ ಕಡೆ ಎರೆ ಮಣ್ಣಿನ ಧೂಳು ಬೇರೆ. ಗಜೇಂದ್ರಗಡದ ಗುಡ್ಡದ ಮೇಲೆ ಕರೆಂಟು ಮಾಡೋ ಅದೇ ಗಾಳಿ ನಮ್ಮ ಅಂಗಡಿಗಳಿಗೆ ಧೂಳು ತರುತ್ತೆ! ಒರೆಸಿದ್ವಿ. ಸಿಕ್ಕಿಬೀಳೋದು ಅರ್ಧ ಇಳೀತು, ಪೂರ್ತಿ ನಿಲ್ಲಲಿಲ್ಲ.

ಆಗ ಮಾಮಾ ರೀಮಿನಿಂದ ಒಂದು ಹಾಳೆ ಎಳೆದು ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಹರಿದ್ರು.

"ನೋಡು ತಮ್ಮಾ, ಉದ್ದಕ್ಕ ನೆಟ್ಟಗ ಹರೀತು. ಅಡ್ಡ ಸೊಟ್ಟ ಹೋತು. ನಾರು ಉದ್ದಕ್ಕ ಐತಿ."

"ಅದಕ್ಕೇನ್ರಿ ಮಾಮಾ?"

"ನಾವು ಮಡಚೂದು ಅಡ್ಡ. ನಾರು ಮುರದು ಮಡಚಬೇಕಲ್ಲೋ, ಮಷಿನ್ ಒದ್ದಾಡೂದಿಲ್ಲೇನು?"

ನಾನು ಬಾಯಿ ಬಿಟ್ಕೊಂಡು ನಿಂತೆ. ಎ೪ ಹಾಳೆಯನ್ನ ನಡುವೆ ಮಡಿಚಿದ್ರೆ ಮಡಿಕೆ ಗಿಡ್ಡ ಅಂಚಿಗೆ ಸಮಾನಾಂತರ. ಅಂಗಡಿಯಲ್ಲಿ ಸುಲಭಕ್ಕೆ ಸಿಗೋ ಎ೪ರಲ್ಲಿ ನಾರು ಉದ್ದ ಅಂಚಿನ ಗುಂಟ ಇರುತ್ತೆ. ಹೀಗಾಗಿ ಕಾಗದ ಮಡಿಕೆಗೆ ಎದುರು ನಿಲ್ಲುತ್ತೆ. ಟೋನರು ಆಫ್‌ಸೆಟ್ ಮಸಿಯಂತೆ ಕಾಗದದೊಳಗೆ ಇಳಿಯಲ್ಲ, ಕರಗಿ ಮೇಲೆ ಪದರವಾಗಿ ಕೂರುತ್ತೆ. ಹೊದಿಕೆಯ ಬಣ್ಣ ಬೆನ್ನಿನಲ್ಲಿ ಬಿರಿಯೋದೂ ಅದಕ್ಕೇ. ಇಂಜಿನಿಯರಿಂಗ್ ನಾಲ್ಕು ವರ್ಷದಲ್ಲಿ ಯಾರೂ ನನಗೆ ಕಾಗದ ಹರಿದು ತೋರಿಸಿರಲಿಲ್ಲ.

ಕಾಗದದ ಅಂಗಡಿಯಿಂದ ದೊಡ್ಡ ಹಾಳೆ ತಂದು, ನಾರು ಅಡ್ಡ ಬರೋ ಹಾಗೆ ಎ೪ಗೆ ಕತ್ತರಿಸಿಸಿದ್ವಿ. ಬಿಚ್ಚಿದ ರೀಮನ್ನು ರಾತ್ರಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ವಿ. ಮೂರನೇ ದಿನ ಸಂಜೆಗೆ ಸಾವಿರ ಮುಗೀತು. ನಡುವೆ ಒಂಬತ್ತು ಸಲ ನಿಂತಿತ್ತು, ಡೈರಿಯಲ್ಲಿದೆ.

ರೋಲರು ಹೆಚ್ಚು ದಿನ ಬಾಳಲ್ಲ ಅನ್ನೋದು ಇಬ್ಬರಿಗೂ ಗೊತ್ತು. ಅದಕ್ಕೆ ಮಾಮಾ ೪೮ ಪುಟಕ್ಕಿಂತ ದಪ್ಪದ್ದನ್ನ ಈಗ ಮಷಿನ್ನಿಗೆ ಹಾಕಲ್ಲ. ಅಷ್ಟು ದಪ್ಪಕ್ಕೆ ಒಳಗಿನ ಹಾಳೆಗಳು ಹೊರಗೆ ಚಾಚ್ತವೆ, ೧೬ ಹಾಳೆಗೆ ಒಂದೂವರೆ ಮಿಲಿಮೀಟರಾದ್ರೂ. ಅಂಚು ಹೇಗೂ ಆಮೇಲೆ ಕತ್ತರಿಸಲೇಬೇಕು. ಅದೆಲ್ಲ ಹಿಂದಿನ ಓಣಿಯ ಬೈಂಡಿಂಗ್ ಅಕ್ಕನಿಗೆ ಹೋಗುತ್ತೆ. ಮಷಿನ್ ಬಂದ ವರ್ಷ ಅವರಿಗೆ ಕೆಲಸ ನಿಂತಿತ್ತು. ಮೊದಲ ಕಟ್ಟು ಕೊಡೋಕೆ ನಾನೇ ಹೋಗಿದ್ದೆ. ಎಣಿಸಿ ನೋಡಿ, "ಮಷಿನ್ನಿಗಿ ಬ್ಯಾಸರ ಆತೇನಪಾ?" ಅಂತ ನಕ್ರು. ಆಮೇಲೆ ರೇಟು ಹೇಳಿದ್ರು, ಹಳೇ ರೇಟಿಗಿಂತ ಜಾಸ್ತಿನೇ. ಮಾಮಾ ಚೌಕಾಶಿ ಮಾಡಲಿಲ್ಲ.