ಬಿಚ್ಚಿ ಹೊಲಿದ ಹೊಲಿಗೆ

ಈ ಶಾಲೆಯ ಹೊಲಿಗೆಯ ತರಗತಿಯಲ್ಲಿ ಒಂದೆಳೆ ತಪ್ಪಿದರೂ ಉಪಾಧ್ಯಾಯಿನಿಯವರು ಎಲ್ಲವನ್ನೂ ಬಿಚ್ಚಿಸುತ್ತಿದ್ದರು, ನಾವು ಕಣ್ಣೀರಿಡುತ್ತಿದ್ದೆವು. ಮೊನ್ನೆ ಮಣಿಪಾಲದ ಮನೆಯಲ್ಲಿ ಮಕ್ಕಳಿಗೆ ಒಂದು ವೃತ್ತಾಂತವನ್ನು ಓದಿ ಹೇಳುವಾಗ ಅದರ ಅರ್ಥವು ನಮಗೆ ಹೊಳೆಯಿತು.

ಘಟ್ಟದ ಮೇಲಣ ಚಿಕ್ಕಮಗಳೂರು ಸೀಮೆಯ ಆಲ್ದೂರಿನವರಾದ ಅವೈಸ್ ಅಹ್ಮದರು, ವಿದ್ಯಾರ್ಥಿಯಾಗಿರುವಾಗಲೇ 2019ರಲ್ಲಿ ಗೆಳೆಯ ಕ್ಷಿತಿಜ್ ಖಂಡೇಲವಾಲರೊಡನೆ 'ಪಿಕ್ಸೆಲ್' ಎಂಬ ಸಣ್ಣ ಉಪಗ್ರಹಗಳ ಸಂಸ್ಥೆಯನ್ನು ಸ್ಥಾಪಿಸಿದರು. ಬೆಳೆಯ ರೋಗ, ನೀರಿನ ಮಾಲಿನ್ಯ ಮೊದಲಾದವನ್ನು ಬೆಳಕಿನ ಸೂಕ್ಷ್ಮ ವರ್ಣಭೇದಗಳಿಂದ ಗುರುತಿಸುವುದೇ ಆ ಉಪಗ್ರಹಗಳ ಕಾರ್ಯ. 2021ರ ಫೆಬ್ರವರಿಯಲ್ಲಿ ಅವರ 'ಆನಂದ'ವು ಹಾರಬೇಕಾಗಿತ್ತು. ಕೊನೆಯ ಪರೀಕ್ಷೆಯಲ್ಲಿ ತಂತ್ರಾಂಶದ ದೋಷವು ಕಂಡುಬರಲು, ಅದನ್ನು ಹಿಂತೆಗೆದರು. 2022ರ ನವೆಂಬರ್ 26ರಂದು ಅದು ಶ್ರೀಹರಿಕೋಟೆಯಿಂದ ಮೇಲೇರಿತು.

ತಾಯಂದಿರೇ, ನಮ್ಮ ಹೆಣ್ಣುಮಕ್ಕಳು ತಪ್ಪಿದ್ದನ್ನು ಬಿಚ್ಚಿ ಮರಳಿ ಹೊಲಿಯುವಾಗ ನಾವು ಅವಸರಪಡಿಸದಿರೋಣ.