ಬೇಸಿಗೆ ಶಿಬಿರವೂ ಒಂದು ಲೋಟ ನೀರೂ

ಮಾರ್ಚ್ ತಿಂಗಳು ಬಂತೆಂದರೆ ನನ್ನ ಹಳೆಯ ವಿದ್ಯಾರ್ಥಿಗಳಿಂದ ಒಂದೇ ಬಗೆಯ ಕರೆಗಳು ಬರತೊಡಗುತ್ತವೆ. "ಮೇಡಂ, ಮಗುವನ್ನು ಯಾವ ಬೇಸಿಗೆ ಶಿಬಿರಕ್ಕೆ ಸೇರಿಸಲಿ?" ಒಂದು ಕಾಲದಲ್ಲಿ ನನ್ನೆದುರು ಕುಳಿತು ಬೀಜಗಣಿತಕ್ಕೆ ಹೆದರುತ್ತಿದ್ದವರು ಈಗ ಕೈಯಲ್ಲಿ ನಾಲ್ಕು ಕರಪತ್ರಗಳನ್ನು ಹಿಡಿದುಕೊಂಡು ಹೆದರುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳಿದ್ದನ್ನೇ ಹೇಳುವ ಬದಲು ನನಗೆ ತಿಳಿದಷ್ಟನ್ನು ಇಲ್ಲಿ ಬರೆದುಬಿಡುತ್ತೇನೆ.

ನನ್ನ ವಯಸ್ಸಿನವರು ಸಾಮಾನ್ಯವಾಗಿ ಆಡುವ ಮಾತೊಂದಿದೆ: "ನಮ್ಮ ಕಾಲದಲ್ಲಿ ಶಿಬಿರಗಳೆಲ್ಲಿದ್ದವು? ಅಜ್ಜಿಯ ಮನೆಯೇ ಶಿಬಿರ." ಈ ಮಾತಿಗೆ ನಾನು ದನಿಗೂಡಿಸಲಾರೆ. ಅಜ್ಜಿಯ ಮನೆಯ ಮಾವಿನ ಮರ ಎಂದೋ ಮಾರಾಟವಾಯಿತು. ಅಜ್ಜಿ ಮಂಡಿನೋವಿನೊಡನೆ ಮೂರನೆಯ ಮಹಡಿಯಲ್ಲಿದ್ದಾಳೆ. ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯವರೆಗೆ ಶಾಲೆಗೆ ರಜೆ, ಕಚೇರಿಗೆ ರಜೆಯಿಲ್ಲ. ಇನ್ನು, ಶಿಬಿರಗಳೇನೂ ನಿನ್ನೆ ಮೊನ್ನೆಯ ಆವಿಷ್ಕಾರವಲ್ಲ. ಮನೆ ಮತ್ತು ಶಾಲೆಗಳಾಚೆಗೆ ಮಕ್ಕಳಿಗೆ ತಮ್ಮದೇ ಒಂದು ಜಾಗ ಬೇಕೆಂಬುದನ್ನು ಹಿರಿಯರು ಮೊದಲೇ ಕಂಡುಕೊಂಡಿದ್ದರು. 'ಸರಸ್ವತಿ' ಪತ್ರಿಕೆಯ ಆರ್. ಕಲ್ಯಾಣಮ್ಮನವರು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಮಕ್ಕಳ ಕೂಟವನ್ನು ಕಟ್ಟಿದ್ದು 1938ರಲ್ಲಿ. ಪುತ್ತೂರಿನಲ್ಲಿ ಶಿವರಾಮ ಕಾರಂತರ ಬಾಲವನವಿತ್ತು. ನಮ್ಮ ಮೈಸೂರಿನಲ್ಲಿ ರಂಗಾಯಣದ 'ಚಿಣ್ಣರ ಮೇಳ' ನಡೆಯುವ ದಿನಗಳಲ್ಲಿ ಕಲಾಮಂದಿರದ ಕಡೆ ಹೋದರೆ ಕಿವಿಗೆ ಹಬ್ಬ. ಶಿಬಿರ ಬೇಕೋ ಬೇಡವೋ ಎಂಬುದು ನನ್ನ ಪ್ರಶ್ನೆಯಲ್ಲ. ಅಲ್ಲಿ ಮಗುವನ್ನು ನೋಡಿಕೊಳ್ಳುವವರು ಯಾರು ಎಂಬುದಷ್ಟೇ.

2023ರ ಏಪ್ರಿಲಿನಲ್ಲಿ ಬೆಂಗಳೂರಿನ ಮಗಳ ಮನೆಯಲ್ಲಿದ್ದೆ. ಏಳು ವರ್ಷದ ಮೊಮ್ಮಗನನ್ನು ಹತ್ತಿರದ ಒಂದು ಶಿಬಿರಕ್ಕೆ ಸೇರಿಸಿದ್ದರು. ಹದಿನೈದು ದಿನ, ಕರಪತ್ರದಲ್ಲಿ ಹದಿನೆಂಟು ಚಟುವಟಿಕೆಗಳು. ಅಬ್ಯಾಕಸ್, ರೋಬೋಟ್, ಸ್ಕೇಟಿಂಗ್, ಜೇಡಿಮಣ್ಣು, ಜೊತೆಗೆ 'ವ್ಯಕ್ತಿತ್ವ ವಿಕಸನ'. (ಏಳು ವರ್ಷದ ವ್ಯಕ್ತಿತ್ವವನ್ನು ಹದಿನೈದು ದಿನಗಳಲ್ಲಿ ಎಷ್ಟು ವಿಕಸಿಸಬಹುದೆಂಬುದು ಬಿ.ಎಡ್. ಓದಿದ ನನಗೂ ತಿಳಿಯದು.) ಗಂಟೆಗೊಮ್ಮೆ ಮಗಳ ಮೊಬೈಲಿಗೆ ಸುಂದರವಾದ ಚಿತ್ರಗಳು ಬರುತ್ತಿದ್ದವು. ಒಂದರಲ್ಲಿ ಇವನು ಮಣ್ಣಿನ ಗಣಪನನ್ನು ಹಿಡಿದು ನಿಂತಿದ್ದ. "ಎಷ್ಟು ಚೆನ್ನಾಗಿ ಮಾಡಿದ್ದೀಯೋ!" ಎಂದರೆ, "ಸೊಂಡಿಲು ಅಕ್ಕ ಮಾಡಿದ್ರು ಅಜ್ಜಿ. ಕಿವೀನೂ ಅವ್ರೇ. ನಂದು ಫೋಟೋಗೆ ಚೆನ್ನಾಗಿ ಬರಲ್ವಂತೆ" ಎಂದ.

ಇಷ್ಟಾದರೆ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಅವನ ನೀರಿನ ಬಾಟಲಿ ದಿನವೂ ತುಂಬಿಕೊಂಡೇ ಹಿಂದಿರುಗುತ್ತಿತ್ತು. ಸಂಜೆ ತಲೆನೋವು. ಐದನೆಯ ದಿನ ಮೂತ್ರ ಮಾಡುವಾಗ ಉರಿ ಎಂದು ಅತ್ತ, ರಾತ್ರಿ ಜ್ವರ. ವೈದ್ಯರು ಪರೀಕ್ಷೆ ಮಾಡಿಸಿ ಮೂತ್ರದ ಸೋಂಕು ಎಂದರು. ನಿಧಾನವಾಗಿ ಕೇಳಿದಾಗ ವಿಷಯ ಹೊರಬಿತ್ತು. ಅಲ್ಲಿದ್ದುದು ಒಂದೇ ಶೌಚಾಲಯ, ಚಿಲಕವಿಲ್ಲ, ನೆಲವೆಲ್ಲ ನೀರು. ಹೋಗಬೇಕಾದರೆ ಚಟುವಟಿಕೆ ಮುಗಿಯುವವರೆಗೂ ಕಾಯಬೇಕು. ನೀರು ಕುಡಿಯದಿದ್ದರೆ ಹೋಗುವ ಪ್ರಮೇಯವೇ ಇಲ್ಲವೆಂದು ಇವನು ತಾನೇ ಲೆಕ್ಕ ಹಾಕಿಕೊಂಡಿದ್ದ.

ಮರುದಿನ ಹೋಗಿ ನೋಡಿದೆ. ನಲವತ್ತೆರಡು ಮಕ್ಕಳು, ನೋಡಿಕೊಳ್ಳಲು ಕಾಲೇಜಿನ ಇಬ್ಬರು ಹುಡುಗಿಯರು. ಪಾಪ, ಅವರಲ್ಲೊಬ್ಬಳು ಚಿತ್ರ ತೆಗೆಯುವುದರಲ್ಲೇ ಮುಳುಗಿದ್ದಳು. ನಡೆಸುವವರು ಸಜ್ಜನರೇ. "ಮೇಡಂ, ಸಮಾರೋಪದ ನೃತ್ಯ ನೋಡಿ, ನಿಮ್ಮ ದೂರೆಲ್ಲ ಮರೆತುಹೋಗುತ್ತೆ" ಎಂದರು. ಶೌಚಾಲಯದ ಮಾತಿಗೆ, ಕಟ್ಟಡ ಬಾಡಿಗೆಯದು ಎಂಬ ಉತ್ತರ ಬಂತು.

ಮಗುವನ್ನು ಬಿಡಿಸಿಬಿಡು ಎಂದೆ. ಮಗಳು ಸಿಟ್ಟಾದಳು. "ಅಮ್ಮ, ನೀನು ಮುಂದಿನ ವಾರ ಮೈಸೂರಿಗೆ ಹೋಗ್ತೀಯ. ಆಮೇಲೆ ಇವನನ್ನು ಎಲ್ಲಿ ಬಿಡಲಿ, ಹೇಳು?" ಅವಳ ಪ್ರಶ್ನೆ ನ್ಯಾಯವಾದದ್ದು. ಎಲ್ಲಿಯೂ ಬಿಡಲಾಗದವರು ಕೊನೆಗೆ ಮನೆಯಲ್ಲೇ ಬಿಟ್ಟು ಬೀಗ ಹಾಕಿಕೊಂಡು ಹೋಗುವುದನ್ನೂ ಕಂಡಿದ್ದೇನೆ. ಹಳ್ಳಿಗಳಲ್ಲಾದರೆ ರಜೆಯ ಮಕ್ಕಳು ಕೆರೆ, ಕಾಲುವೆ, ಕೃಷಿಹೊಂಡಗಳಿಗೆ ಇಳಿದ ಸುದ್ದಿಯನ್ನು ಪ್ರತಿ ಬೇಸಿಗೆಯಲ್ಲೂ ಓದುತ್ತೇವೆ.

ಈ ಮಾತು ಬಂದಾಗ ನನಗೆ 1994ರ ಬೇಸಿಗೆ ನೆನಪಾಗುತ್ತದೆ. ನಂಜನಗೂಡು ತಾಲ್ಲೂಕಿನ ನಮ್ಮ ಪ್ರೌಢಶಾಲೆಯಲ್ಲಿ ಹತ್ತು ದಿನಗಳ ಶಿಬಿರ ಮಾಡಿದೆವು. ಅದರಲ್ಲಿದ್ದ ಕೆಲವರು ಇದನ್ನು ಓದುತ್ತಿರುವಿರಿ. ಹಣವಿರಲಿಲ್ಲ. ಧ್ವಜಸ್ತಂಭದ ನೆರಳನ್ನೂ ನೆಟ್ಟ ಕೋಲಿನ ನೆರಳನ್ನೂ ಅಳೆದು ಕಂಬದ ಎತ್ತರ ಕಂಡುಹಿಡಿದೆವು. ಅಜ್ಜಿಯರ ಬಾಯಿಂದ ಸೋಬಾನೆ ಪದ ಬರೆದುಕೊಂಡು ಬಂದಿರಿ. ಕೋಸಂಬರಿಗೆ ಉಪ್ಪು ಎರಡು ಸಲ ಬಿತ್ತು. ಮಧ್ಯಾಹ್ನ ಎರಡು ಗಂಟೆಯ ಕಾಲ ಯಾವ ಕಾರ್ಯಕ್ರಮವೂ ಇರಲಿಲ್ಲ. ಹೊಂಗೆಯ ಮರದ ಕೆಳಗೆ ಏನು ಬೇಕಾದರೂ ಮಾಡಬಹುದಿತ್ತು. ಅಳಿಗುಳಿ ಮಣೆಯ ಜಗಳಗಳನ್ನು ನೀವೇ ಬಗೆಹರಿಸಿಕೊಂಡದ್ದು ಆ ಹೊತ್ತಿನಲ್ಲೇ.

ಆ ಶಿಬಿರದ ನಿಜವಾದ ಆಧಾರ ನಮ್ಮ ಶಾಲೆಯ ಜವಾನರು. ಎರಡು ಮಣ್ಣಿನ ಹಂಡೆಗಳಲ್ಲಿ ನೀರು ತುಂಬಿಸಿ, ಗಂಟೆಗೊಮ್ಮೆ ಗಂಟೆ ಬಾರಿಸಿ, ಒಬ್ಬೊಬ್ಬರೂ ಒಂದು ಲೋಟ ಕುಡಿಯುವವರೆಗೂ ನಿಂತಿರುತ್ತಿದ್ದರು. (2019ರ ನವೆಂಬರಿನಲ್ಲಿ ಕೇರಳದ ಶಾಲೆಗಳಲ್ಲಿ 'ನೀರಿನ ಗಂಟೆ' ಸುದ್ದಿಯಾಗಿ, ಅದರ ಬೆನ್ನಿಗೇ ನಮ್ಮ ರಾಜ್ಯದಲ್ಲೂ ಆ ಮಾತು ಬಂದಾಗ ನಾನು ಅವರನ್ನೇ ನೆನೆದೆ.) ಅವರ ಜೇಬಿನಲ್ಲಿ ಮಗುವಿಗೊಂದರಂತೆ ಮೂವತ್ತೊಂದು ಹುಣಸೆಬೀಜಗಳಿರುತ್ತಿದ್ದವು. ಸಂಜೆ ಗೇಟು ದಾಟುವ ಒಂದೊಂದು ತಲೆಗೆ ಒಂದು ಬೀಜ ಡಬ್ಬಿಗೆ ಬೀಳುತ್ತಿತ್ತು. ಒಂದು ದಿನ ಬೀಜವೊಂದು ಉಳಿಯಿತು. ನಾವೆಲ್ಲ ಎಣಿಕೆ ತಪ್ಪಿರಬೇಕೆಂದೆವು, ಅವರು ಒಪ್ಪಲಿಲ್ಲ. ಪುಸ್ತಕದ ಕೋಣೆಯ ಬೆಂಚುಗಳ ಹಿಂದೆ ಐದನೆಯ ತರಗತಿಯ ಹುಡುಗಿ ಗಾಢ ನಿದ್ರೆಯಲ್ಲಿದ್ದಳು. ಮರುದಿನ ಭಾನುವಾರ, ಶಾಲೆಗೆ ಬೀಗ. ಆ ಹುಡುಗಿ ಈಗ ದಾವಣಗೆರೆಯಲ್ಲಿ ಶುಶ್ರೂಷಕಿ.

ಆದ್ದರಿಂದ ಕೇಳುವವರಿಗೆಲ್ಲ ನಾನು ಹೇಳುವುದಿಷ್ಟು. ಕರಪತ್ರವನ್ನು ಬದಿಗಿಟ್ಟು, ಶಿಬಿರ ನಡೆಯುವ ಜಾಗಕ್ಕೆ ಒಮ್ಮೆ ಹೋಗಿ ಬನ್ನಿ. ಮೊದಲು ಶೌಚಾಲಯ ನೋಡಿ. ಎಷ್ಟು ಮಕ್ಕಳಿಗೆ ಎಷ್ಟು ಮಂದಿ ದೊಡ್ಡವರು, ಚಿಕ್ಕ ಮಕ್ಕಳನ್ನು ಶೌಚಕ್ಕೆ ಕರೆದೊಯ್ಯುವವರು ಯಾರು, ಅವರ ಪೂರ್ವಾಪರ ವಿಚಾರಿಸಿದ್ದಾರೆಯೇ ಎಂದು ಸಂಕೋಚವಿಲ್ಲದೆ ಕೇಳಿ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳಿಗಾಗಿಯೇ 2012ರಲ್ಲಿ ಪೋಕ್ಸೋ ಕಾಯ್ದೆ ಬಂದಿದೆ. ಈ ಪ್ರಶ್ನೆಗೆ ಮುಖ ಗಂಟಿಕ್ಕುವವರಲ್ಲಿ ಮಗುವನ್ನು ಬಿಡಬೇಡಿ. 1098 ಮಕ್ಕಳ ಸಹಾಯವಾಣಿ ಎಂಬುದನ್ನು ಮಗುವಿಗೂ ಬಾಯಿಪಾಠ ಮಾಡಿಸಿ. ಚಟುವಟಿಕೆಗಳ ಬಗ್ಗೆ ನನ್ನದು ಒಂದೇ ಪ್ರಶ್ನೆ: ಕೆಟ್ಟದಾಗಿ ಬಂದ ಗಣಪನನ್ನು ಏನು ಮಾಡುತ್ತೀರಿ?

ಮಗಳು ಆ ವಾರ ಮೂರು ಕಡೆ ಫೋನು ಮಾಡಿದಳು. ಒಬ್ಬರು ನಡುವೆಯೇ ಇಟ್ಟುಬಿಟ್ಟರು. ಇನ್ನೊಬ್ಬರು ಶುಲ್ಕದಲ್ಲಿ ರಿಯಾಯಿತಿ ಕೊಡುತ್ತೇವೆಂದರು. ಮೂರನೆಯವರು, ಮನೆಯ ಹಿತ್ತಲಲ್ಲೇ ಹದಿನಾರು ಮಕ್ಕಳನ್ನು ಇಟ್ಟುಕೊಂಡು ನಡೆಸುತ್ತಿದ್ದ ದಂಪತಿ, "ನಾಳೆ ಹತ್ತಕ್ಕೆ ಬನ್ನಿ, ಹೇಳದೆ ಬಂದರೂ ಸರಿಯೇ" ಎಂದರು. ಅಲ್ಲಿಂದ ಮೊಮ್ಮಗ ತಂದದ್ದು ಹಳೆಯ ಪತ್ರಿಕೆ ನೆನೆಸಿ, ಮೈದಾ ಅಂಟು ಬೆರೆಸಿ ಮಾಡಿದ ರಾಕ್ಷಸನ ಮುಖವಾಡ. ಒಂದು ಕಣ್ಣು ಮೇಲೆ, ಒಂದು ಕೆಳಗೆ. ಗೋಡೆಗೆ ತೂಗುಹಾಕಿದ ಎರಡನೆಯ ದಿನವೇ ಇರುವೆ ಮುತ್ತಿದವು, ಇಳಿಸಲು ಬಿಡಲಿಲ್ಲ.